ಎರಡು ಗುಳ್ಳೆ

ಸಿಟ್ಟು ಬಂದಾಗ ನೀಲಮ್ಮನ ಎಡಗಿವಿ ಬಿಸಿಯಾಗುತ್ತಿತ್ತು. ಕೆಲವರಿಗೆ ಮೂಗು ಕೆಂಪಾಗುತ್ತದೆ, ಕೆಲವರಿಗೆ ಗಂಟಲು ಏರುತ್ತದೆ. ಅವಳಿಗೆ ಕಿವಿ, ಅದೂ ಎಡಗಡೆಯದು ಮಾತ್ರ. ಇಪ್ಪತ್ನಾಲ್ಕು ವರ್ಷ ಒಂದೇ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಟೆಕ್ನಿಷಿಯನ್ನಾಗಿ ಡಾಕ್ಟರುಗಳ ಮಗ್ಗುಲಲ್ಲಿ ನಿಂತು ದುಡಿದವಳ ಕಿವಿ ಎಷ್ಟು ಸಲ ಬಿಸಿಯಾಗಿರಬೇಡ! ಯಾರೂ ಅದನ್ನು ಕಂಡಿರಲಿಲ್ಲ. ಕಿವಿಯ ಮೇಲೆ ಯಾವಾಗಲೂ ಹಸಿರು ಟೋಪಿ ಇರುತ್ತಿತ್ತು, ಬಾಯಿಗೆ ಮಾಸ್ಕು ಇರುತ್ತಿತ್ತು. ಅವಳ ಸಿಟ್ಟಿಗೆ ಆಸ್ಪತ್ರೆಯವರೇ ಸಮವಸ್ತ್ರ ಹೊಲಿಸಿಕೊಟ್ಟಿದ್ದರು.

ಆ ಶುಕ್ರವಾರ ಬೆಳಿಗ್ಗೆ ಮಾತ್ರ ವಿದ್ಯಾರಣ್ಯಪುರಂನ ಮನೆಯಲ್ಲಿ ಹಾಸಿಗೆ ಬಿಟ್ಟೇಳುವಾಗಲೇ ಕಿವಿ ಉರಿಯುತ್ತಿತ್ತು. ಮುಖ ತೊಳೆದರೂ ಹೋಗಲಿಲ್ಲ, ಕಾಫಿ ಕುಡಿದರೂ ಹೋಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿ ತಣ್ಣನೆ ಗಾಳಿ ಬೀಸಿದರೂ ಕಿವಿ ತನ್ನ ಪಾಡಿಗೆ ಕಾಯುತ್ತಲೇ ಇತ್ತು. ಯಾಕೆಂದು ಅವಳಿಗೆ ಗೊತ್ತಿತ್ತು. ಹಿಂದಿನ ದಿನ ಇನ್ನೂರು ಜನ ಅವಳನ್ನು ನೋಡಿ ನಕ್ಕಿದ್ದರು. ಅದಕ್ಕಿಂತ ಹೆಚ್ಚಾಗಿ, ಅವರು ನಕ್ಕ ತಕ್ಷಣ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ನಡೆದದ್ದು ಇಷ್ಟು. ಮರಿಸ್ವಾಮಿ ಎಂಬ ನಲವತ್ತಾರು ವರ್ಷದ ಸ್ಕೂಲ್ ವ್ಯಾನ್ ಡ್ರೈವರ್ ಒಬ್ಬನ ಜಠರದ ಗೋಡೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆಯೊಂದು ಬೆಳೆದಿತ್ತು. ಹಿಂದೆಲ್ಲ ಆಗಿದ್ದರೆ ಹೊಟ್ಟೆ ಕೊಯ್ದು ತೆಗೆಯಬೇಕಿತ್ತು. ಈಗ ಬಾಯಿಯಿಂದ ಕೊಳವೆ ಇಳಿಸಿ, ಒಳಗಿನಿಂದಲೇ ಗಡ್ಡೆಯನ್ನು ಗೋಡೆಯ ಸಮೇತ ಕತ್ತರಿಸಿ, ಬಾಯಿಯಿಂದಲೇ ಹೊರಗೆ ತರುತ್ತಾರೆ. ಹೊಟ್ಟೆಯ ಮೇಲೆ ಒಂದು ಗೀರೂ ಬೀಳುವುದಿಲ್ಲ. ಮನೆಯವರು ಅದನ್ನೇ ದೊಡ್ಡ ಪವಾಡವೆಂದು ತಿಳಿಯುತ್ತಾರೆ. ಒಳಗೆ ಎರಡು ರೂಪಾಯಿ ನಾಣ್ಯದಷ್ಟಗಲ ತೂತು ಬಿದ್ದಿರುತ್ತದೆ ಎಂಬುದು ಅವರ ತಲೆಗೆ ಹೋಗುವುದಿಲ್ಲ. ಗಡ್ಡೆ ತೆಗೆಯುವುದು ಅರ್ಧ ಕೆಲಸ. ಆ ತೂತನ್ನು ನೀರೂ ಗಾಳಿಯೂ ಹಾಯದ ಹಾಗೆ ಮುಚ್ಚುವುದು ಉಳಿದರ್ಧ. ಮುಚ್ಚಿದ್ದು ಬಿಗಿಯಾಗಿಲ್ಲದಿದ್ದರೆ ಜಠರದ ರಸ ಹೊಟ್ಟೆಯೊಳಕ್ಕೆ ಸೋರಿ, ಎರಡು ದಿನದಲ್ಲಿ ಗಟ್ಟಿಮುಟ್ಟಾದ ಮನುಷ್ಯನೂ ಕೈಬಿಟ್ಟು ಹೋಗುತ್ತಾನೆ.

ಮುಚ್ಚುವ ರೀತಿ ಹೀಗೆ. ತೂತಿನ ಅಂಚಿನ ಸುತ್ತ ಸಣ್ಣ ಸಣ್ಣ ಲೋಹದ ಕ್ಲಿಪ್ಪು ಕಚ್ಚಿಸಿ, ಅವುಗಳ ಜೊತೆಗೆ ಒಂದು ನೈಲಾನ್ ದಾರವನ್ನೂ ಸಿಕ್ಕಿಸಿ, ಕೊನೆಗೆ ಲಂಗದ ಲಾಡಿ ಎಳೆದಂತೆ ದಾರ ಎಳೆದು ಬಿಗಿಯುವುದು. ಕೊಳವೆಯ ತುದಿಯನ್ನು ಸರಿಯಾದ ಜಾಗಕ್ಕೆ ಒಯ್ಯುವುದು ಡಾಕ್ಟರ ಕೈ. ಅವರು ‘ಕ್ಲೋಸ್’ ಅಂದಾಗ ಹಿಡಿ ಒತ್ತಿ ಕ್ಲಿಪ್ಪು ಕಚ್ಚಿಸುವುದು ನೀಲಮ್ಮನ ಕೈ. ಇದು ಹೊರಗಿನವರಿಗೆ ಗೊತ್ತಿಲ್ಲ. ಸಮ್ಮೇಳನದಲ್ಲಿ ಶಾಲು ಹೊದಿಸುವವರಿಗಂತೂ ಗೊತ್ತೇ ಇಲ್ಲ.

ಗುರುವಾರ ಆ ಕೆಲಸ ನೇರ ಪ್ರಸಾರವಾಗುತ್ತಿತ್ತು. ಊರಿನ ದೊಡ್ಡ ಹೋಟೆಲೊಂದರ ಸಭಾಂಗಣದಲ್ಲಿ ಸಮ್ಮೇಳನಕ್ಕೆ ಬಂದ ಇನ್ನೂರು ಡಾಕ್ಟರುಗಳು ಕೂತು ಪರದೆಯ ಮೇಲೆ ನೋಡುತ್ತಿದ್ದರು. ಮಾಡುತ್ತಿದ್ದವರು ಡಾಕ್ಟರ್ ಬಿಂದುಮಾಧವ. ಅವರ ಕೈ ಒಳ್ಳೆಯದು, ಅದನ್ನು ನೀಲಮ್ಮ ಎಂಥ ಸಿಟ್ಟಿನಲ್ಲೂ ಅಲ್ಲಗಳೆದವಳಲ್ಲ. ಆದರೆ ಆ ದಿನ ಬಾಯಿಯ ಹತ್ತಿರ ಮೈಕು ಇತ್ತು. ಮೈಕು ಬಂದರೆ ಆ ಮನುಷ್ಯನಿಗೆ ಕೈಗಿಂತ ಬಾಯಿಯ ಮೇಲೆ ಗಮನ ಜಾಸ್ತಿ.

ಐದು ಕ್ಲಿಪ್ಪು ಸರಿಯಾಗಿ ಕೂತವು. ಆರನೆಯದನ್ನು ಒತ್ತಿದಾಗ ನೀಲಮ್ಮನ ಬೆರಳಿಗೆ ಬರಬೇಕಾದ ಬಿಗಿ ಬರಲಿಲ್ಲ. ದಪ್ಪ ಗೋಡೆ ಕಚ್ಚಿದ್ದರೆ ಹಿಡಿ ತಡೆದು ತಡೆದು ಮುಚ್ಚುತ್ತದೆ; ಇದು ಸಲೀಸಾಗಿ ಮುಚ್ಚಿಬಿಟ್ಟಿತು. ಮೇಲಿನ ಪದರ ಮಾತ್ರ ಕಚ್ಚಿದೆ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರು ದಾರ ಎಳೆಯಲು ಹೇಳಿದರು, ಎಳೆದಳು. ಪರದೆಯ ಮೇಲೆ ತೂತು ಸಂಚಿಯ ಬಾಯಿಯ ಹಾಗೆ ಚೆಂದಾಗಿ ಮುಚ್ಚಿಕೊಂಡಿತು. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು.

ತೂತಿನ ಮೂಲಕ ಹೊಟ್ಟೆಯೊಳಗೆ ಸೇರುವ ಗ್ಯಾಸು ಹೊರಗೆ ಹೋಗಲೆಂದು ಮರಿಸ್ವಾಮಿಯ ಹೊಟ್ಟೆಗೆ ಹೊರಗಿನಿಂದ ಒಂದು ಸೂಜಿ ಚುಚ್ಚಿದ್ದರು. ಸೂಜಿಯ ಮೇಲೆ ಒತ್ತುವ ದಂಡ ತೆಗೆದ ಖಾಲಿ ಸಿರಿಂಜು, ಅದರಲ್ಲಿ ಅರ್ಧ ನೀರು. ಗ್ಯಾಸು ಬಂದರೆ ನೀರಿನಲ್ಲಿ ಗುಳ್ಳೆ ಏಳುತ್ತದೆ. ತೂತು ಮುಚ್ಚಿದ ಮೇಲೆ ಜಠರಕ್ಕೆ ಮತ್ತೆ ಗ್ಯಾಸು ಬಿಟ್ಟು ನೋಡಬೇಕು. ಗುಳ್ಳೆ ಬರದಿದ್ದರೆ ಬಿಗಿಯಾಗಿದೆ ಎಂದರ್ಥ.

ಡಾಕ್ಟರು ಒಂದು ಸಲ, ಅದೂ ಅರೆಮನಸ್ಸಿನಿಂದ, ಗ್ಯಾಸು ಬಿಟ್ಟರು. ಗುಳ್ಳೆ ಬಂತು. ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

“ಸರ್, ಎರಡು ಗುಳ್ಳೆ ಬಂತು. ಇನ್ನೊಂದ್ಸಲ ಬಿಟ್ಟು ನೋಡೋಣ್ವಾ?” ಎಂದಳು ನೀಲಮ್ಮ.

ಬಿಂದುಮಾಧವರು ಪರದೆಯ ಕಡೆ ನೋಡಿಕೊಂಡೇ ನಕ್ಕರು. “ನಮ್ಮ ಸಿಸ್ಟರ್ ತಂದೆಯವರದ್ದು ಅಗ್ರಹಾರದಲ್ಲಿ ಸೈಕಲ್ ಶಾಪ್ ಇತ್ತು. ಪಂಕ್ಚರ್ ಹಾಕಿದ ಮೇಲೆ ಟ್ಯೂಬನ್ನ ಬೇಸಿನ್‌ನಲ್ಲಿ ಅದ್ದಿ ನೋಡದೆ ಅವರು ಗಿರಾಕೀನ ಬಿಡೋರಲ್ಲ!”

ಇನ್ನೂರು ಜನ ನಕ್ಕ ಸದ್ದು ಸ್ಪೀಕರಿನಿಂದ ಕೋಣೆಯ ತುಂಬ ಹರಡಿತು. “ಅದು ಮೊದಲೇ ಉಳ್ಕೊಂಡಿದ್ದ ಗ್ಯಾಸು, ನೀಲಮ್ಮ. ನೀಡಲ್ ತೆಗೀರಿ,” ಎಂದರು ಡಾಕ್ಟರು.

ಅವಳು ತೆಗೆದಳು. ತನ್ನ ಕೈಯಿಂದಲೇ ಸೂಜಿ ತೆಗೆದು, ಹತ್ತಿ ಒತ್ತಿ, ಪ್ಲಾಸ್ಟರು ಹಚ್ಚಿದಳು.

ಅಪ್ಪನ ಸೈಕಲ್ ಅಂಗಡಿಯ ವಿಷಯ ಡಾಕ್ಟರಿಗೆ ಹೇಳಿದವಳು ಅವಳೇ. ಯಾವತ್ತೋ ಒಂದು ದಿನ ಕೆಲಸ ಮುಗಿದ ಮೇಲೆ ಕಾಫಿ ಕುಡಿಯುತ್ತ, ಹೆಮ್ಮೆಯಿಂದ ಹೇಳಿದ್ದಳು. ಆ ಅಪ್ಪ ಮೂವತ್ತು ವರ್ಷ ನೀರಿನ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಟ್ಯೂಬಿನ ಒಂದೊಂದು ಗೇಣನ್ನೂ ಹಿಚುಕಿ ನೋಡಿ, ಒಂದು ಸಾಸಿವೆಯಷ್ಟು ಗುಳ್ಳೆ ಬಂದರೂ ಹಚ್ಚಿದ ಪ್ಯಾಚು ಕಿತ್ತು ಬೇರೆ ಹಚ್ಚುತ್ತಿದ್ದ. ಸೈಕಲಿಗೆ ಅಷ್ಟು ಮರ್ಯಾದೆ ಕೊಡುತ್ತಿದ್ದವನ ಮಗಳು ಮನುಷ್ಯನ ಹೊಟ್ಟೆಯ ವಿಷಯದಲ್ಲಿ ಸುಮ್ಮನಾಗಿಬಿಟ್ಟಳಲ್ಲ! ನೀಲಮ್ಮನ ಕಿವಿ ಉರಿಯುತ್ತಿದ್ದದ್ದು ಇದಕ್ಕೆ. ಡಾಕ್ಟರು ಹೇಳಿದ್ದೇ ನಿಜವಿರಬಹುದು, ಉಳಿದ ಗ್ಯಾಸೇ ಇರಬಹುದು ಎಂದು ಬಸ್ಸಿನಲ್ಲಿ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಕಿವಿ ನಂಬಲಿಲ್ಲ.

ಎಂಟು ಗಂಟೆಗೆ ಆಸ್ಪತ್ರೆ ತಲುಪಿದವಳು ಬಟ್ಟೆ ಬದಲಿಸದೆ ನೇರ ವಾರ್ಡಿಗೆ ಹೋದಳು. ಮರಿಸ್ವಾಮಿ ಮೊಣಕಾಲು ಮಡಚಿ ಒಂದು ಮಗ್ಗುಲಾಗಿ ಮಲಗಿದ್ದ. ಜಠರದ ರಸವನ್ನು ಬಾಟಲಿಗೆ ಇಳಿಸುವ ನಳಿಕೆ ಮೂಗಿನಲ್ಲಿ, ಹಣೆಯ ಮೇಲೆ ಬೆವರು. “ಎಂಗಿದ್ದೀರ?” ಎಂದರೆ ಕಣ್ಣು ಮಾತ್ರ ತೆರೆದ. ಕಾಲಿನ ಬಳಿ ತೂಗುಹಾಕಿದ್ದ ಹಾಳೆ ನೋಡಿದಳು. ಬೆಳಿಗ್ಗೆ ಆರು ಗಂಟೆ: ಜ್ವರ ನೂರ ಒಂದು, ನಾಡಿ ನೂರ ಹದಿನೆಂಟು. ಪಕ್ಕದಲ್ಲಿ ಪ್ಯಾರಾಸಿಟಮಾಲ್ ಎಂದು ಬರೆದು ರಾತ್ರಿ ಪಾಳಿಯವರು ಮನೆಗೆ ಹೋಗಿದ್ದರು. ಹೊಟ್ಟೆ ಮುಟ್ಟಿ ನೋಡುವುದು ನೀಲಮ್ಮನ ಕೆಲಸವಲ್ಲ. ಮುಟ್ಟಿದಳು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಮರಿಸ್ವಾಮಿ “ಅವ್ವಾ” ಎಂದು ಅವಳ ಕೈ ತಳ್ಳಿದ.

ಡಾಕ್ಟರ್ ಸಮನ್ವಿತಾ ಎಂಬ ಕಿರಿಯ ಡಾಕ್ಟರಿಗೆ ಹೇಳಿದಳು. ಸಮನ್ವಿತಾ ಒಳ್ಳೆಯ ಹುಡುಗಿ, ಕೂಡಲೇ ಫೋನು ಮಾಡಿದಳು. ಆ ಕಡೆಯಿಂದ ಬಿಂದುಮಾಧವರು ಸಮ್ಮೇಳನದ ಎರಡನೆಯ ದಿನದ ಗದ್ದಲದ ನಡುವೆ, “ಆಪರೇಷನ್ ಆದ ಮೇಲೆ ಅಷ್ಟು ಜ್ವರ ಬರುತ್ತೆ. ರೌಂಡ್ಸ್‌ಗೆ ಬಂದಾಗ ನೋಡ್ತೀನಿ,” ಎಂದರು. ಸಮನ್ವಿತಾ ಫೋನು ಇಟ್ಟು ನೀಲಮ್ಮನ ಮುಖ ನೋಡಿದಳು. ನೀಲಮ್ಮ ತನ್ನ ಕೋಣೆಗೆ ಹೋಗಿ, ಬೆಳಗಿನ ರೋಗಿಗಳಿಗೆ ಕೊಳವೆ ತೊಳೆದು ಜೋಡಿಸತೊಡಗಿದಳು. ಅವತ್ತು ಅವಳು ಟ್ರೇ ಇಟ್ಟ ಸದ್ದು ಹೊರಗಿನ ಸಾಲಿನಲ್ಲಿ ಕೂತಿದ್ದವರಿಗೂ ಕೇಳಿಸಿತು.

ಹನ್ನೆರಡಕ್ಕೆ ಸ್ವಲ್ಪ ಮೊದಲು ಸಮನ್ವಿತಾ ಬಾಗಿಲಲ್ಲಿ ನಿಂತಳು. “ಸಿಸ್ಟರ್, ಸರ್ ಬಂದಿದ್ದಾರೆ. ವಾರ್ಡಿಗೆ ಬರಬೇಕಂತೆ. ಅದೇನೋ ಸಾಕ್ಷಿ ಸಹಿ ಬೇಕಂತೆ.”

“ಯಾತಕ್ಕೆ ಸಾಕ್ಷಿ?”

ಸಮನ್ವಿತಾ ನೆಲ ನೋಡಿದಳು. “ಅವರ ತಾಯಿ ಹತ್ತೂವರೆಗೆ ಬಂದು ನೀರು ಕುಡಿಸಿಬಿಟ್ಟಿದ್ದಾರಂತೆ.”

ವಾರ್ಡಿನಲ್ಲಿ ಮರಿಸ್ವಾಮಿಯ ತಾಯಿ ಸರೋಜಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು, ತನ್ನ ಬಲಗೈಯನ್ನು ಎಡಗೈಯಿಂದ ಪಟಪಟ ಹೊಡೆದುಕೊಳ್ಳುತ್ತಿದ್ದಳು. ಎಪ್ಪತ್ತರ ಆಸುಪಾಸಿನ ಮುದುಕಿ. ಬಲಗೈಯ ಬೆರಳುಗಳು ಬುಡದವರೆಗೂ ಕೆಂಪು, ಉಗುರು ಸಂದಿಯಲ್ಲಿ ಹಳದಿ. ಮಗನಿಗೆ ಒಳ್ಳೆಯದಾದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಇಡುತ್ತೇನೆಂದು ಹರಕೆ ಹೊತ್ತಿದ್ದಳು. ಆಪರೇಷನ್ ಚೆನ್ನಾಗಿ ಆಯಿತೆಂದು ಗುರುವಾರ ಹೇಳಿದ್ದೇ ತಡ, ಶುಕ್ರವಾರ ಬೆಳಕು ಹರಿಯುವ ಮುಂಚೆ ಬೆಟ್ಟದ ಪಾದಕ್ಕೆ ಹೋಗಿ, ಒಂದೊಂದು ಮೆಟ್ಟಿಲಿಗೂ ಬಗ್ಗಿ ಬಗ್ಗಿ ಬೊಟ್ಟಿಟ್ಟು, ಮೇಲೆ ದರ್ಶನ ಮಾಡಿ, ಸಣ್ಣ ಸೀಸೆಯಲ್ಲಿ ತೀರ್ಥ ತಂದಿದ್ದಳು. ಹತ್ತೂವರೆಗೆ ಆಸ್ಪತ್ರೆಗೆ ಬಂದು ಮಗನ ಬಾಯಿಗೆ ಒಂದು ಉದ್ಧರಣೆ ಬಿಟ್ಟಿದ್ದಳು.

“ಬಾಯಿಗೆ ಏನೂ ಕೊಡಬಾರದು, ಒಂದು ಹನಿ ನೀರೂ ಕೊಡಬಾರದು ಅಂತ ಹೇಳಿರಲಿಲ್ವೇನಮ್ಮ?” ಎನ್ನುತ್ತಿದ್ದರು ಬಿಂದುಮಾಧವ. ಜೋರು ಮಾಡುತ್ತಿರಲಿಲ್ಲ. ಪ್ರೀತಿಯಿಂದ, ತಿಳಿಹೇಳುವ ಧ್ವನಿಯಲ್ಲಿ ಹೇಳುತ್ತಿದ್ದರು. ನೀಲಮ್ಮನಿಗೆ ಆ ಪ್ರೀತಿ ಕಂಡೇ ಮೈಯುರಿಯಿತು.

“ಏಳಿದ್ರು ಬುದ್ಧಿ, ನೀರು ಕೊಡಬ್ಯಾಡ ಅಂದಿದ್ರು. ನಾನ್ ನೀರ್ ಕೊಟ್ಟಿಲ್ಲ ಬುದ್ಧಿ. ತಾಯಿ ತೀರ್ಥಕ್ಕೆ ನೀರು ಅಂತಾರಾ?”

“ತೀರ್ಥವೂ ನೀರೇ ಅಲ್ವೇನಮ್ಮ? ಒಳಗಡೆ ಹಸಿ ಗಾಯಕ್ಕೆ ಅದರಿಂದಲೇ ಸೋಂಕು ತಗುಲಿರೋದು.”

“ಅಯ್ಯೋ ನನ್ ಕೈಗೆ ಬರಬಾರದ್ ಬರ! ನನ್ ಕೈಯಾರೆ ಮಗನ್ನ ಕೊಂದ್ಬುಟ್ನಲ್ಲ ಬುದ್ಧಿ…” ಸರೋಜಮ್ಮ ಮತ್ತೆ ಕೈ ಹೊಡೆದುಕೊಂಡಳು. ಮಂಚದ ಮೇಲೆ ಮರಿಸ್ವಾಮಿ ತಾಯಿಯ ಕಡೆ ಕೈ ಚಾಚಿದ.

ಬಿಂದುಮಾಧವರು ಒಂದು ಹಾಳೆ ನೀಲಮ್ಮನತ್ತ ಚಾಚಿದರು. ಅಚ್ಚುಕಟ್ಟಾಗಿ ಟೈಪಾಗಿತ್ತು. ಆಸ್ಪತ್ರೆಯ ಸೂಚನೆಯನ್ನು ಮೀರಿ ರೋಗಿಗೆ ನೀರು ಕುಡಿಸಿರುತ್ತೇನೆ, ಇದರಿಂದ ಉಂಟಾದ ತೊಂದರೆಗೆ ನಾನೇ ಹೊಣೆ. ಕೆಳಗೆ ಸರೋಜಮ್ಮನ ಹೆಬ್ಬೆಟ್ಟು. ಪ್ಯಾಡಿನ ನೀಲಿ ಮಸಿಯ ಜೊತೆ ಬೆರಳಿನ ಕುಂಕುಮವೂ ಸೇರಿ ಗುರುತು ಕಂದಿಹೋಗಿತ್ತು. ಅದರ ಕೆಳಗೆ ‘ಸಾಕ್ಷಿ’ ಎಂದು ಬರೆದು ಜಾಗ ಬಿಟ್ಟಿದ್ದರು.

“ಇಲ್ಲೊಂದು ಸಹಿ ಹಾಕಿ. ಆಂಟಿಬಯೋಟಿಕ್ ಶುರು ಮಾಡಿದ್ದೇವೆ. ಸೋಮವಾರದವರೆಗೆ ಕಾದು ನೋಡೋಣ.”

ಸೋಮವಾರ! ನೀಲಮ್ಮನಿಗೆ ಆಗ ಪೂರ್ತಿ ಅರ್ಥವಾಯಿತು. ತಪ್ಪು ತೀರ್ಥದ್ದಾದರೆ ಔಷಧಿ ಕೊಟ್ಟು ಕಾಯಬಹುದು. ತಪ್ಪು ಮುಚ್ಚಿದ ಕೈಯದ್ದಾದರೆ ಈಗಲೇ, ಇವತ್ತೇ, ಮತ್ತೆ ಕೊಳವೆ ಇಳಿಸಿ ತೂತು ನೋಡಬೇಕು. ಹಾಗೆ ನೋಡಿದರೆ ನಿನ್ನೆ ಚಪ್ಪಾಳೆ ಹೊಡೆದವರಿಗೆ ಏನು ಹೇಳುವುದು? ಅವತ್ತು ಮಧ್ಯಾಹ್ನವೇ ಆ ಸಭಾಂಗಣದಲ್ಲಿ ಇದೇ ಮರಿಸ್ವಾಮಿಯ ಹೊಟ್ಟೆಯ ಮೇಲೆ ಡಾಕ್ಟರ ಭಾಷಣವಿತ್ತು. ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಭಾಷಣಕ್ಕೆ ಹೊರಡಲು ಕಾರು ಸಿದ್ಧವಾಗಿತ್ತು.

ನೀಲಮ್ಮ ತಲೆಯ ಮೇಲಿನ ಟೋಪಿ ತೆಗೆದು ಜೇಬಿಗೆ ತುರುಕಿದಳು. ಎಡಗಿವಿ ಕೆಂಪಗೆ ಉರಿಯುತ್ತಿತ್ತು. ಈ ಸಲ ಕಂಡವರು ಕಾಣಲಿ.

“ಅವ್ವ,” ಎಂದಳು ಸರೋಜಮ್ಮನ ಕಡೆ ತಿರುಗಿ, “ಬೆಳಿಗ್ಗೆ ಆರು ಗಂಟೆಗೆ ಎಲ್ಲಿದ್ರಿ?”

“ಎಲ್ಲಿರ್ಲಿ ಕಣವ್ವ, ಬೆಟ್ಟದ್ ಮೆಟ್ಲಲ್ಲಿದ್ದೆ. ನಂದಿ ಇನ್ನೂ ಸಿಕ್ಕಿರ್ನಿಲ್ಲ.”

“ಸರ್, ಆರು ಗಂಟೆಗೇ ಜ್ವರ ನೂರ ಒಂದು, ನಾಡಿ ನೂರ ಹದಿನೆಂಟು. ಮಂಚದ ಹಾಳೆಯಲ್ಲಿದೆ. ಈಯವ್ವ ಆಗ ಬೆಟ್ಟದ ಮೇಲಿದ್ರು. ಇಲ್ಲಿಗೆ ಬಂದದ್ದು ಹತ್ತೂವರೆಗೆ. ಮೂಗಲ್ಲಿ ನಳಿಕೆ ಇದೆ, ಆ ಒಂದು ಚಮಚ ಆಗಲೇ ಬಾಟಲಿಗೆ ಬಂದು ಬಿದ್ದಿರುತ್ತೆ. ಇದಕ್ಕೆ ನಾನು ಸಾಕ್ಷಿ ಹಾಕಲ್ಲ.”

ಬಿಂದುಮಾಧವರು ಹಾಳೆ ಹಿಡಿದ ಕೈಯನ್ನು ಕೆಳಗಿಳಿಸಿ, “ಹೊರಗೆ ಬನ್ನಿ,” ಎಂದರು.

ಕಾರಿಡಾರಿನಲ್ಲಿ ಅವರ ಧ್ವನಿಯಲ್ಲಿದ್ದ ಪ್ರೀತಿ ಹೋಗಿತ್ತು. “ನೀಲಮ್ಮ, ಇಷ್ಟು ವರ್ಷದ ಅನುಭವ ಇದೆ ನಿಮಗೆ, ಯೋಚನೆ ಮಾಡಿ ಮಾತಾಡಿ. ಕ್ಲೋಷರ್ ಲೀಕ್ ಅಂತ ಆದರೆ ಕ್ಲಿಪ್ ಫೈರ್ ಮಾಡಿದ್ದು ಯಾರು ಅನ್ನೋ ಪ್ರಶ್ನೆ ಬರುತ್ತೆ. ಒತ್ತಿದ್ದು ನಿಮ್ಮ ಕೈ. ನೀಡಲ್ ತೆಗೆದದ್ದು ನಿಮ್ಮ ಕೈ.”

ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಚಪ್ಪಾಳೆ ಬಿದ್ದಾಗ ಯಾವ ಕೈಯೂ ಅವಳದ್ದಾಗಿರಲಿಲ್ಲ. ಈಗ ಎಲ್ಲ ಕೈಯೂ ಅವಳದ್ದೇ ಆಗಿಬಿಟ್ಟವು.

“ಹೌದು ಸರ್, ನನ್ನ ಕೈಯೇ. ಬರ್ಕೊಡ್ತೀನಿ, ಕೊಡಿ ಆ ಹಾಳೆ.”

ಅವರ ಕೈಯಿಂದ ಹಾಳೆ ಕಿತ್ತುಕೊಂಡಂತೆಯೇ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಜೇಬಿನ ಪೆನ್ನಿನಲ್ಲಿ ಹಿಂಬದಿಗೆ ಬರೆದಳು. ಗೋಡೆಯ ಮೇಲೆ ಬರೆದದ್ದಕ್ಕೆ ಅಕ್ಷರ ಸೊಟ್ಟಗಾದವು. ಬರೆದು ಸಹಿ ಹಾಕಿ, ಹೊತ್ತನ್ನೂ ಬರೆದಳು.

“ನಾನು ಒಬ್ಬಳೇ ಹೇಳೋದಲ್ಲ ಸರ್. ನಿನ್ನೆ ಎಲ್ಲಾ ರೆಕಾರ್ಡ್ ಆಗಿದೆ. ಗುಳ್ಳೆ ಬಂತು ಅಂತ ನಾನು ಹೇಳಿದ್ದೂ ಅದರಲ್ಲಿದೆ. ನೀವು ನಮ್ಮಪ್ಪನ ಅಂಗಡಿ ವಿಷಯ ಎತ್ತಿ ನಕ್ಕಿದ್ದೂ ಇದೆ. ಇನ್ನೂರು ಜನ ನಕ್ಕಿದ್ದೂ ಇದೆ. ಮಧ್ಯಾಹ್ನ ಭಾಷಣ ಇದೆಯಲ್ಲ? ಅದನ್ನೂ ಹಾಕಿ ತೋರಿಸಿ.”

ಸಮನ್ವಿತಾ ಬಾಗಿಲಲ್ಲಿ ನಿಂತಿದ್ದಳು. ಅವಳು ಮೆಲ್ಲಗೆ, ಆದರೆ ತಡವರಿಸದೆ, “ಸರ್, ನೀವಿನ್ನೂ ಹೊಟ್ಟೆ ಮುಟ್ಟಿ ನೋಡಿಲ್ಲ,” ಎಂದಳು.

ನಿಜ. ಬಂದು ಅರ್ಧ ಗಂಟೆಯಾಗಿತ್ತು, ಹಾಳೆ ಮುಟ್ಟಿದ್ದರು, ಪ್ಯಾಡು ಮುಟ್ಟಿದ್ದರು, ಮುದುಕಿಯ ಹೆಬ್ಬೆರಳನ್ನೂ ಹಿಡಿದು ಒತ್ತಿಸಿದ್ದರು. ಹೊಟ್ಟೆ ಮುಟ್ಟಿರಲಿಲ್ಲ. ಮುಟ್ಟಿದರೆ ಗೊತ್ತಾಗಿಬಿಡುತ್ತದೆಂದು ಅವರ ಕೈಗೆ ತಿಳಿದಿತ್ತೋ ಏನೋ. ಅವರು ಒಳಗೆ ಹೋಗಿ, ಹೊದಿಕೆ ಸರಿಸಿ, ಮರಿಸ್ವಾಮಿಯ ಹೊಟ್ಟೆಯ ಮೇಲೆ ನಾಲ್ಕು ಬೆರಳಿಟ್ಟು ಮೆತ್ತಗೆ ಒತ್ತಿದರು. ಆ ಮುಖದ ಬಣ್ಣ ಇಳಿದದ್ದನ್ನು ನೀಲಮ್ಮ ಬಾಗಿಲಿನಿಂದಲೇ ನೋಡಿದಳು. ಅವಳಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

“ರೂಮ್ ರೆಡಿ ಮಾಡಿ,” ಎಂದರು ಅವರು, ಯಾರ ಮುಖವನ್ನೂ ನೋಡದೆ. “ಸರ್ಜನ್‌ಗೂ ಹೇಳಿ, ಬೇಕಾಗಬಹುದು. ಹೋಟೆಲಿಗೆ ಫೋನ್ ಮಾಡಿ ನಾನು ಬರಲ್ಲ ಅಂತ ಹೇಳಿ.”

ಒಂದೂವರೆಗೆ ಕೊಳವೆ ಇಳಿಯಿತು. ಈ ಸಲ ಮೈಕಿರಲಿಲ್ಲ, ಕ್ಯಾಮೆರಾದವರಿರಲಿಲ್ಲ. ಪರದೆಯ ಮೇಲೆ ನಿನ್ನೆಯ ಸಂಚಿಯ ಬಾಯಿ ಕಂಡಿತು. ಐದು ಕ್ಲಿಪ್ಪು ಬಿಗಿಯಾಗಿ ನಿಂತಿದ್ದವು. ಆರನೆಯದು ಮೇಲಿನ ಪದರದ ಒಂದು ಚೂರನ್ನು ಮಾತ್ರ ಕಚ್ಚಿಕೊಂಡು ಜೋತಾಡುತ್ತಿತ್ತು. ಅದರ ಪಕ್ಕ ಅವರೆಕಾಳಿನಷ್ಟು ಸಂದಿ, ಸಂದಿಯ ಆಚೆ ಕೆಂಪಗೆ ಊದಿದ ಹೊಟ್ಟೆಯ ಒಳಭಾಗ. ನೀಲಮ್ಮನ ಬೆರಳಿಗೆ ನಿನ್ನೆಯ ಆ ಸಲೀಸು ಮತ್ತೆ ನೆನಪಾಯಿತು. ಗೊತ್ತಿತ್ತು ನಿನಗೆ, ಎಂದು ತನ್ನನ್ನು ತಾನೇ ಬೈದುಕೊಂಡಳು. ಬೆರಳಿಗೆ ಗೊತ್ತಿತ್ತು, ಕಣ್ಣಿಗೂ ಗೊತ್ತಿತ್ತು. ನಾಲಿಗೆಗೆ ಮಾತ್ರ ಮರ್ಯಾದೆ ಬೇಕಿತ್ತು.

ಒಳಗೆ ಸೋರಿದ್ದನ್ನು ತೊಳೆದು ಹೀರಿ ತೆಗೆದರು. ಜೋತಾಡುತ್ತಿದ್ದ ಕ್ಲಿಪ್ಪು ಕಿತ್ತರು. ಕೊಳವೆಯ ತುದಿಗೇ ತೊಡಿಸುವ ಹಲ್ಲುಳ್ಳ ದೊಡ್ಡ ಕ್ಲಿಪ್ಪೊಂದನ್ನು ತಂದು, ಗೋಡೆಯ ಪೂರ್ತಿ ದಪ್ಪವನ್ನು ಒಳಕ್ಕೆ ಎಳೆದುಕೊಂಡು ಕಚ್ಚಿಸಬೇಕು. ಎಳೆದುಕೊಳ್ಳುವುದು ಸಾಲದಾದರೆ ಎರಡನೆಯ ಅವಕಾಶ ಸಿಗುವುದು ಕಷ್ಟ. ಬಿಂದುಮಾಧವರ ಹಣೆಯಲ್ಲಿ ಬೆವರು ಕೂತಿತ್ತು, ಆದರೆ ಕೈ ಅಲುಗಲಿಲ್ಲ. ಕೊನೆಗೆ ಅವರು ‘ಕ್ಲೋಸ್’ ಎನ್ನಲಿಲ್ಲ. “ನಿಮಗೆ ಸರಿ ಅನ್ನಿಸಿದಾಗ ಹೇಳಿ,” ಎಂದರು.

ನೀಲಮ್ಮ ಪರದೆ ನೋಡಿದಳು. “ಇನ್ನೂ ಸ್ವಲ್ಪ ಎಳ್ಕೊಳ್ಳಿ ಸರ್. ಎಡಗಡೆ ಅಂಚು ಬಂದಿಲ್ಲ. ಇನ್ನೂ. ಹ್ಞಾ, ಈಗ.” ದೊಡ್ಡ ಕ್ಲಿಪ್ಪು ಕಚ್ಚಿಕೊಂಡಿತು.

ಅವಳು ಮತ್ತೆ ಚುಚ್ಚಿದ್ದ ಸೂಜಿಯ ಮೇಲಿನ ಸಿರಿಂಜಿಗೆ ಹೊಸ ನೀರು ಹಾಕಿ, ಬಗ್ಗಿ, ಕಣ್ಣನ್ನು ಅದರ ಮಟ್ಟಕ್ಕೆ ತಂದಳು. ಅಪ್ಪ ಬೋಗುಣಿಯ ಮುಂದೆ ಕೂರುತ್ತಿದ್ದದ್ದೂ ಹೀಗೆಯೇ.

“ಬಿಡಿ ಸರ್.”

ಡಾಕ್ಟರು ಗ್ಯಾಸು ಬಿಟ್ಟರು. ಜಠರ ಉಬ್ಬಿತು. ನೀರು ಅಲ್ಲಾಡಲಿಲ್ಲ.

“ಇನ್ನೊಂದ್ಸಲ.”

ಬಿಟ್ಟರು. ಗುಳ್ಳೆ ಬರಲಿಲ್ಲ.

“ಇನ್ನೊಂದ್ಸಲ ಸರ್.”

ಮೂರನೆಯ ಸಲವೂ ಬಿಟ್ಟರು. ನೀಲಮ್ಮ ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಪೂರ್ತಿ ಆಗುವವರೆಗೆ ಬಗ್ಗಿಕೊಂಡೇ ಇದ್ದಳು. ಸೊಂಟ ನೋಯಿತು. ಯಾರೂ ನಗಲಿಲ್ಲ. ಆಮೇಲೆ ನೆಟ್ಟಗೆ ನಿಂತು, “ಸರಿಯಾಗಿದೆ,” ಎಂದಳು.

ಕೈಗವಸು ಬಿಚ್ಚುತ್ತ ಬಿಂದುಮಾಧವರು ಅವಳ ಹತ್ತಿರ ಬಂದು ನಿಂತರು. “ನೀಲಮ್ಮ, ಆ ಹಾಳೆ…”

“ಫೈಲಿನಲ್ಲೇ ಇರುತ್ತೆ ಸರ್. ಎರಡು ಕಡೆಯದೂ. ನೀವು ಬರೆಯೋದಿದ್ರೆ ಕೆಳಗಡೆ ಜಾಗ ಇದೆ.”

ಅವರು ಬರೆದರು. ಸೋರಿದ್ದು ನಿಜ, ನೀಲಮ್ಮ ಸೂಚನೆ ಕೊಟ್ಟರೂ ತಾನು ಪರೀಕ್ಷಿಸಲಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದರು. ಅದರಲ್ಲಿ ‘ಕ್ಷಮಿಸಿ’ ಎಂಬ ಪದವಿರಲಿಲ್ಲ. ನೀಲಮ್ಮ ಅದನ್ನು ಹುಡುಕಲೂ ಇಲ್ಲ.

ಹೊರಗೆ ಸರೋಜಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡಿದ್ದಳು. ನೀಲಮ್ಮ ಬಂದದ್ದನ್ನು ಕಂಡು ಎದ್ದಳು.

“ಮುಚ್ಚಿದೀವಿ ಕಣವ್ವ. ಈ ಸಲ ಗಟ್ಟಿಯಾಗಿ ಮುಚ್ಚಿದೆ. ಇನ್ನು ಮೂರು ನಾಲ್ಕು ದಿನ ಕಷ್ಟ ಇದೆ, ಜ್ವರ ಇಳೀಬೇಕು. ಆದ್ರೆ ಉಳ್ಕೋತಾರೆ.”

ಸರೋಜಮ್ಮ ಕೈ ಮುಗಿಯಲು ಹೋದಳು. ಮುಗಿಯಲು ಬಲಗೈ ಬೇಕಲ್ಲ. ಸೆರಗಿನಿಂದ ಅರ್ಧ ತೆಗೆದು ಮತ್ತೆ ಒಳಗೆಳೆದುಕೊಂಡಳು. “ಈ ಪಾಪಿ ಕೈ ಮಾಡಿದ್ದು ಕಣವ್ವ. ಇದ್ನ ಕಡ್ದಾಕ್ಬೇಕು.”

ನೀಲಮ್ಮ ಅಲ್ಲಿಂದ ಹೊರಟುಬಿಡಬಹುದಿತ್ತು. ಒಳ್ಳೆಯ ಸುದ್ದಿ ಹೇಳಿಯಾಗಿತ್ತು. ಮುದುಕಿಗೆ ಓದಲು ಬರದು, ಫೈಲಿನಲ್ಲಿ ಏನಿದೆಯೆಂದು ಅವಳಿಗೆ ಯಾವತ್ತೂ ತಿಳಿಯುವುದಿಲ್ಲ. ಆದರೆ ಆ ಬಚ್ಚಿಟ್ಟ ಕೈಯನ್ನು ನೋಡಿದಾಗ ಅವಳ ಕಿವಿ ಮತ್ತೆ ಕಾಯತೊಡಗಿತು. ಒಳಗೆ ಹೋಗಿ ಫೈಲು ತಂದು ಬೆಂಚಿನ ಮೇಲೆ ಅವಳ ಪಕ್ಕ ಕೂತಳು.

“ತೀರ್ಥ ಕೊಡಬಾರದಿತ್ತು ಅವ್ವ, ಅದು ತಪ್ಪೇ. ತೀರ್ಥನೂ ಹೊಟ್ಟೆಗೆ ಹೋದ್ಮೇಲೆ ನೀರೇ. ಇನ್ನು ಹೇಳೋವರೆಗೆ ಏನೂ ಕೊಡಬ್ಯಾಡಿ. ಆದ್ರೆ ಇದು ನಿಮ್ಮ ಕೈ ಮಾಡಿದ್ದಲ್ಲ. ಯಾರ ಕೈ ಮಾಡಿದ್ದು ಅಂತ ಇದರಲ್ಲಿ ಬರೆದಿದೆ. ಓದ್ತೀನಿ, ಕೇಳಿ.”

ಹಾಳೆಯ ಹಿಂಬದಿ ತಿರುಗಿಸಿ ಓದಿದಳು.

“ಗುರುವಾರ ಹನ್ನೊಂದು ನಲವತ್ತಕ್ಕೆ, ತೂತು ಮುಚ್ಚಿದ ಮೇಲೆ, ಸಿರಿಂಜಿನ ನೀರಿನಲ್ಲಿ ಎರಡು ಗುಳ್ಳೆ ಬಂದವು. ನಾನು ನೋಡಿದೆ. ಇನ್ನೊಂದು ಸಲ ನೋಡೋಣ ಎಂದು ಕೇಳಿದೆ. ಡಾಕ್ಟರು ಬೇಡ ಎಂದರು. ಎಲ್ಲರೂ ನಕ್ಕರು. ನಾನು ಸುಮ್ಮನಾದೆ. ಸೂಜಿ ತೆಗೆದದ್ದು ನಾನು. ಆರನೆಯ ಕ್ಲಿಪ್ಪು ಹಾಕಿದ ಕೈ ನನ್ನದು. ಅದು ಸಡಿಲ ಕೂತದ್ದು ನನಗೆ ಆಗಲೇ ಗೊತ್ತಾಗಿತ್ತು. ಶುಕ್ರವಾರ ಆರು ಗಂಟೆಗೆ ರೋಗಿಗೆ ಜ್ವರವಿತ್ತು. ತಾಯಿ ತೀರ್ಥ ಕೊಟ್ಟದ್ದು ಹತ್ತೂವರೆಗೆ. ನೀಲಮ್ಮ, ಎಂಡೋಸ್ಕೋಪಿ ಟೆಕ್ನಿಷಿಯನ್.”

ಸರೋಜಮ್ಮನ ಬಲಗೈ ಸೆರಗಿನಿಂದ ಹೊರಗೆ ಬಂತು. ಬಂದದ್ದೇ ನೀಲಮ್ಮನ ಅಂಗಿಯ ತೋಳನ್ನು ಹಿಡಿದುಕೊಂಡಿತು. ಸಾವಿರ ಮೆಟ್ಟಿಲು ಬಗ್ಗಿ ಬಂದ ಕೈ, ಹಿಡಿತ ಗಟ್ಟಿಯಾಗಿತ್ತು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವ್ರು ನಕ್ರು ಅಂತ ಸುಮ್ಕಾಗ್ಬುಟ್ಯಾ? ನಕ್ರೆ ಏನಾಯ್ತದೆ? ನಕ್ರೆ ಒಟ್ಟೆ ತೂತಾಯ್ತದಾ? ಅವ್ರು ನಕ್ಕಿದ್ಕೆ ನನ್ ಮಗನ್ ಒಟ್ಟೆ ಅಂಗೇ ಬುಟ್ಬುಟ್ಟು, ಮನೆಗೋಗಿ ಉಂಡು ಮನಿಕ್ಕೊಂಡ್ಯಾ? ಬೆಳಗಿಂದ ನಾನು ನನ್ ಕೈಯ ನಾನೇ ಒಡ್ಕೊಂಡೆನಲ್ಲೇ, ಆ ಡಾಕ್ಟ್ರೂ ನೋ‌ಡ್ಕೊಂಡ್ ನಿಂತಿದ್ನಲ್ಲೇ!”

ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. ಎದುರು ಬಾಗಿಲಲ್ಲಿ ಬಿಂದುಮಾಧವರು ಕಾಣಿಸಿಕೊಂಡು, ಕಾಲು ಮುಂದಿಡಲಾರದೆ ಅಲ್ಲೇ ಉಳಿದರು. ಕಾವಲಿನವನು ಮುದುಕಿಯನ್ನು ಬಿಡಿಸಲು ಬಂದ. ನೀಲಮ್ಮ ಕೈಯೆತ್ತಿ ಅವನನ್ನು ತಡೆದಳು.

“ಹೌದವ್ವ,” ಎಂದಳು. “ಅವ್ರು ನಕ್ರು ಅಂತ ಸುಮ್ಮನಾದೆ.”

ಸರೋಜಮ್ಮ ಉಸಿರು ಬಿಡುತ್ತ ಅವಳ ಮುಖವನ್ನೇ ನೋಡಿದಳು. ಹಸಿರು ತೋಳಿನ ಮೇಲೆ ಐದು ಬೆರಳಿನ ಕುಂಕುಮ ಅಂಟಿತ್ತು. ಕೊನೆಗೆ ಕೈ ಬಿಟ್ಟಳು. ಬಿಟ್ಟ ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಳ್ಳಲಿಲ್ಲ, ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತ ಡಾಕ್ಟರ ಕಡೆ ಒಮ್ಮೆ ನೋಡಿ, ಹಾಳೆಯ ಕಡೆ ಗಲ್ಲ ತೋರಿಸಿದಳು.

“ಇನ್ನೊಂದ್ಸಲ ಓದು. ಗಟ್ಟಿಯಾಗಿ ಓದು.”

ನೀಲಮ್ಮ ಎದ್ದು ನಿಂತು, ಗುರುವಾರ ಹನ್ನೊಂದು ನಲವತ್ತಕ್ಕೆ ಎಂಬಲ್ಲಿಂದ ಶುರು ಮಾಡಿ ಗಟ್ಟಿಯಾಗಿ ಓದಿದಳು.